ದಾರಿ ಸುಧಾರಿಸಿದೆ, ಯಾರೂ ನಡೆಯಬಾರದು

ನನಗೊಂದು ರೋಗವಿದೆ. ಅದಕ್ಕೆ ಔಷಧವಿಲ್ಲ ಎಂಬುದನ್ನು ನನ್ನ ಹೆಂಡತಿ ಸುನಂದಾ ಮದುವೆಯಾದ ಎರಡನೆಯ ವಾರದಲ್ಲೇ ಕಂಡುಕೊಂಡಳು. ನನಗೆ ತಿಳಿಯಲು ಇಪ್ಪತ್ತು ವರ್ಷ ಹಿಡಿಯಿತು. ಯಾವುದಾದರೂ ಸರಿಯಾಗಿ ನಡೆಯುತ್ತಿದೆ ಎಂದರೆ ಸಾಕು, ಅದನ್ನು ಸುಧಾರಿಸಬೇಕೆಂದು ನನ್ನ ಕೈ ಕಡಿಯತೊಡಗುತ್ತದೆ. ಕೆಟ್ಟು ಕೂತದ್ದರ ತಂಟೆಗೆ ನಾನು ಹೋಗುವವನಲ್ಲ. ನಮ್ಮ ಬಚ್ಚಲಿನ ಬಾಗಿಲು ವರ್ಷಗಟ್ಟಲೆ ಒಂದೇ ತಿರುಗಣಿಯ ಮೇಲೆ ಜೋತಾಡುತ್ತಿತ್ತು, ಅದರ ಕಡೆ ನಾನು ಕಣ್ಣೆತ್ತಿಯೂ ನೋಡಲಿಲ್ಲ. ಆದರೆ ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗ, ಪಾಪ, ತನ್ನ ಪಾಡಿಗೆ ತಾನು ಬಿಗಿಯಾಗಿ ನಿಂತು ಕೆಲಸ ಮಾಡುತ್ತಿತ್ತು. ಅದಕ್ಕೆ ಎರಡೂ ಕಡೆ ಬಾವಿಯ ಸಣ್ಣ ರಾಟೆ ಕಟ್ಟಿದೆ. ನಿಂತಲ್ಲೇ ನಿಂತು ಹಗ್ಗ ಎಳೆದರೆ ಬಟ್ಟೆಗಳು ತಾವೇ ಬಿಸಿಲಿಗೆ ಹೋಗಬೇಕು ಎಂಬುದು ನನ್ನ ಯೋಜನೆ. ಹೋದವು. ಬಿಸಿಲು ದಾಟಿ, ಗೋಡೆ ದಾಟಿ, ಪಕ್ಕದ ಮನೆಯ ಎಮ್ಮೆಯ ಗೋದಲಿಯವರೆಗೂ ಹೋದವು. ಅಂದು ನನ್ನ ಅಂಗಿಯ ಒಂದು ತೋಳನ್ನು ಎಮ್ಮೆ ಇಟ್ಟುಕೊಂಡಿತು, ಉಳಿದದ್ದನ್ನು ಸುನಂದಾ ಇಸಿದುಕೊಂಡು ಬಂದಳು.

ಶಾಲೆಯಲ್ಲಿಯೂ ಅದೇ ಕಥೆ. ನಾನು ಶಿರಗುಪ್ಪಿಯಲ್ಲಿ ಗಣಿತದ ಮಾಸ್ತರ. ನಮ್ಮ ಶಾಲೆಯ ಗಂಟೆ ಎಂದರೆ ಬೇವಿನ ಮರದ ಕೊಂಬೆಗೆ ತೂಗುಹಾಕಿದ ಹಳೆಯ ರೈಲುಕಂಬಿಯ ಒಂದು ತುಂಡು. ಅದರ ನಾದ ಇನ್ನೂ ದೂರ ಕೇಳಬೇಕೆಂದು ನಾನು ಅದನ್ನು ಎರಡು ಕೊಂಬೆ ಮೇಲಕ್ಕೆ ಕಟ್ಟಿಸಿದೆ. ನಾದ ಕಾಗವಾಡದವರೆಗೂ ಕೇಳುತ್ತಿತ್ತೋ ಏನೋ, ಆದರೆ ಗಂಟೆ ಬಾರಿಸುವ ಸಿಪಾಯಿಯ ಕೈಗೆ ಅದು ಎಟಕದಾಯಿತು. ಅವನು ಒಳಗಿನಿಂದ ಕುರ್ಚಿ ತಂದು, ಹತ್ತಿ, ಬಾರಿಸಿ, ಇಳಿದು, ಕುರ್ಚಿಯನ್ನು ಒಳಗಿಡುವಷ್ಟರಲ್ಲಿ ಪ್ರತಿ ತಾಸೂ ಐದು ನಿಮಿಷ ಹೆಚ್ಚಾಗುತ್ತಿತ್ತು. ಮಕ್ಕಳು ನನ್ನನ್ನು ಎಷ್ಟು ಶಪಿಸಿದರೋ ಗೊತ್ತಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಇಂಥ ಮನುಷ್ಯನ ಕೈಗೆ ಒಂದು ದಾರಿಯನ್ನು ಕೊಟ್ಟರೆ ಏನಾದೀತು ಎಂಬುದನ್ನು ನೀವು ಮೊದಲೇ ಊಹಿಸಿಕೊಂಡರೆ ನನಗೂ ಹೇಳಲು ನಾಚಿಕೆ ಕಡಿಮೆಯಾಗುತ್ತದೆ.

ಇದು ಎಂಬತ್ತರ ದಶಕದ ಕೊನೆಯ ಮಾತು. ಆಗ ಅಥಣಿಯ ಕಡೆಯಿಂದ ಹೊರಟು ಕಾಗವಾಡ, ಶಿರಗುಪ್ಪಿಗಳನ್ನು ಹಾಯ್ದು ಜುಗೂಳದ ಹೊಳೆಯ ದಂಡೆಯವರೆಗೆ ಒಂದು ಹಳೆಯ ಕಾಲುದಾರಿ ಇತ್ತು. ಹೊಲದ ಬದುವಿನ ಗುಂಟ, ಹಳ್ಳದ ಅಂಚಿಗೆ, ಕಬ್ಬಿನ ನಡುವೆ ಸುತ್ತಿ ಬಳಸಿ ಹೋಗುವ ದಾರಿ. ಡಾಂಬರು ರಸ್ತೆ ಬಂದ ಮೇಲೆ ಜನ ಅದನ್ನು ಮರೆಯಬೇಕಾಗಿತ್ತು, ಆದರೆ ಮರೆಯುವಂತಿರಲಿಲ್ಲ. ಏಕೆಂದರೆ ಅದು ನಾವು ಜೈನರು ಮಹಾರಾಜರೆಂದು ಕರೆಯುವ ನಮ್ಮ ದಿಗಂಬರ ಮುನಿಗಳು ವಿಹಾರ ಮಾಡುವ ದಾರಿ. ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಲ್ಲಿ ನಿಂತ ಮುನಿಗಳು ಅದು ಮುಗಿದ ಮೇಲೆ ಊರಿಂದೂರಿಗೆ ನಡೆಯುತ್ತಾರೆ. ವಾಹನ ಹತ್ತುವುದಿಲ್ಲ, ಕಾಲಿಗೆ ಏನೂ ಹಾಕುವುದಿಲ್ಲ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಯಾವ ಜೀವದ ಮೇಲೂ ಕಾಲು ಬೀಳದಂತೆ ಹೆಜ್ಜೆ ಇಡುತ್ತಾರೆ. ಡಾಂಬರು ರಸ್ತೆ ಹೊತ್ತೇರಿದಂತೆ ಹಂಚಿನಂತೆ ಕಾಯುತ್ತದೆ. ಮೇಲಾಗಿ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಾವಳಿ. ಹೀಗಾಗಿ ದಾರಿಯುದ್ದಕ್ಕೂ ಊರೂರಿನವರು ತಮ್ಮ ತಮ್ಮ ಸೀಮೆಯ ಭಾಗವನ್ನು ತಾವೇ ನೋಡಿಕೊಳ್ಳುವುದು ರೂಢಿ. ಸುಣ್ಣ ಬಳಿದ ಕಲ್ಲಿನಿಂದ ಸುಣ್ಣ ಬಳಿದ ಕಲ್ಲಿನವರೆಗೆ ಒಂದೊಂದು ಊರಿನ ಪಾಲು.

ನಮ್ಮ ಪಾಲಿನ ಕೆಲಸ ಭೂಪಾಲ ತಾತ್ಯಾನದು. ಎಪ್ಪತ್ತು ದಾಟಿದ ರೈತ, ದಾರಿಯ ಪಕ್ಕದಲ್ಲೇ ಅವನ ಕಬ್ಬಿನ ಹೊಲ, ಹೊಲದಲ್ಲಿ ಬೆಲ್ಲದ ಗಾಣ. ಪ್ರತಿ ರವಿವಾರ ಹೊತ್ತು ಮೂಡುವ ಮೊದಲೇ ಸಲಿಕೆ ಹಿಡಿದು ದಾರಿಗೆ ಬಂದುಬಿಡುತ್ತಿದ್ದ. ಅವನ ಹಿಂದೆ ಹತ್ತು ಹನ್ನೆರಡು ಜನ ಶ್ರಮದಾನಕ್ಕೆ ಬರುತ್ತಿದ್ದರು. ಜಾಲಿಯ ಮುಳ್ಳು ಆರಿಸುವುದು, ಮಳೆ ಕೊರೆದ ಕಡೆ ಮಣ್ಣು ತುಂಬುವುದು, ಕಲ್ಲು ಎತ್ತಿ ಹಾಕುವುದು ಇಷ್ಟೇ ಕೆಲಸ. ಟಪಾಲಿನ ಮಾರುತಿಯೂ ಬರುತ್ತಿದ್ದ. ಅವನು ಜೈನನಲ್ಲ, ಆದರೆ ದಿನವೂ ಚೀಲ ಹೆಗಲಿಗೆ ಹಾಕಿಕೊಂಡು ಅದೇ ದಾರಿಯಲ್ಲಿ ಹೊಲದ ಮನೆಗಳಿಗೆ ಟಪಾಲು ಮುಟ್ಟಿಸುವವನು. "ಮಹಾರಾಜ್ರು ವರ್ಷಕ್ಕೊಮ್ಮಿ ನಡೀತಾರ, ನಾ ದಿನಾ ನಡೀತೀನಿ. ಲೆಕ್ಕದಾಗ ಈ ದಾರಿ ನಂದಽ" ಎಂದು ನಗುತ್ತಿದ್ದ. ಯಾರೂ ಯಾರಿಗೂ ಏನೂ ಹೇಳದೆ, ಯಾರ ಹೆಸರೂ ಎಲ್ಲಿಯೂ ಬರೆಯದೆ, ವರ್ಷಗಳಿಂದ ಆ ದಾರಿ ಸುಸೂತ್ರವಾಗಿ ನಡೆದುಕೊಂಡು ಬಂದಿತ್ತು. ಅಂದರೆ ನನಗೆ ಹೇಳಿ ಮಾಡಿಸಿದಂತಿತ್ತು.

ನಾನು ಶ್ರಮದಾನಕ್ಕೆ ಸೇರಿಕೊಂಡ ಮೊದಲ ವರ್ಷವೇ ದಾರಿಯನ್ನು ಅಳೆದೆ. ಸೈಕಲ್ಲಿನ ಗಾಲಿಗೆ ಕೆಂಪು ಚಿಂದಿ ಕಟ್ಟಿ, ಅದು ಎಷ್ಟು ಸಲ ಮೇಲೆ ಬಂತೆಂದು ಎಣಿಸುತ್ತ ಹೊರಟೆ. ಅರ್ಧ ದಾರಿಯಲ್ಲಿ ಮಾರುತಿ ಎದುರಾಗಿ "ಎಲ್ಲಿ ಹೊಂಟ್ರಿ ಸರ್ರ?" ಎಂದ. ಉತ್ತರ ಕೊಡುವಷ್ಟರಲ್ಲಿ ಎಣಿಕೆ ತಪ್ಪಿತು. ಸುಮಾರಾಗಿ ಒಂದು ಸಂಖ್ಯೆ ಹಿಡಿದು ಮುಂದುವರಿದೆ. ಗಣಿತದ ಮಾಸ್ತರನಾಗಿ ಈ ಮಾತನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಆ ಲೆಕ್ಕದ ಪ್ರಕಾರ ಕಲ್ಲುಗಳ ಮೇಲೆ ನಾನೇ ಬಣ್ಣದಲ್ಲಿ ದೂರ ಬರೆದೆ. ಕಾಗವಾಡದ ಕಡೆಯ ಕಲ್ಲಿನ ಮೇಲೆ ಶಿರಗುಪ್ಪಿ ಎರಡು ಮೈಲು ಎಂದಿತ್ತು; ಅಲ್ಲಿಂದ ಅರ್ಧ ತಾಸು ನಡೆದು ಬಂದರೆ ಸಿಗುವ ಕಲ್ಲಿನ ಮೇಲೆ ಎರಡೂವರೆ ಎಂದಿತ್ತು. ದಣಿದು ಬಂದ ಯಾತ್ರಿಕರು ಅದನ್ನು ಓದಿ, ಊರೇ ಹಿಂದೆ ಸರಿಯುತ್ತಿದೆಯೇನೋ ಎಂದು ಅಲ್ಲೇ ಕೂತುಬಿಡುತ್ತಿದ್ದರಂತೆ. ತಾತ್ಯಾ ಒಂದು ದಿನ ಬಂದು ಆ ಕಲ್ಲಿಗೆ ಮತ್ತೆ ಸುಣ್ಣ ಬಳಿದ.

ಸುನಂದಾ ಮೊದಲ ದಿನವೇ ಒಂದು ಮಾತು ಹೇಳಿದ್ದಳು. ನಾನು ಅಥಣಿಯಿಂದ ತರಿಸಿದ್ದ ಕರಕರ ಸದ್ದಿನ ಚಪ್ಪಲಿ ಮೆಟ್ಟಿಕೊಂಡು ಶ್ರಮದಾನಕ್ಕೆ ಹೊರಟಿದ್ದೆ. ಬಾಗಿಲಲ್ಲಿ ನಿಂತು ನೋಡಿ, "ಒಮ್ಮೆರೆ ಚಪ್ಪಲ ಬಿಟ್ಟು ಆ ದಾರಿ ನಡದು ನೋಡ್ರಿ. ಆಮ್ಯಾಲ ಸುಧಾರಣಾ ಮಾಡೀರಂತ" ಎಂದಳು. "ನಾನು ಮೇಲ್ವಿಚಾರಣೆ ಮಾಡಾಂವ. ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಕುಂತರ ಕೆಲಸ ನೋಡಾವ್ರು ಯಾರು?" ಎಂದೆ. ಮೂರು ವರ್ಷ ನಾನು ಚಪ್ಪಲಿ ಮೆಟ್ಟಿಕೊಂಡೇ ಬರಿಗಾಲಿನವರ ದಾರಿಯನ್ನು ಸುಧಾರಿಸಿದೆ. ಆರಿಸಿದ ಕಲ್ಲುಗಳನ್ನೆಲ್ಲ ದೂರದ ಹಳ್ಳಕ್ಕೆ ಹೊತ್ತು ಹಾಕುತ್ತಿದ್ದ ತಾತ್ಯಾನ ಪದ್ಧತಿಯನ್ನೂ ಬಂದ ಹೊಸತರಲ್ಲೇ ಬಿಡಿಸಿದೆ. ಅಷ್ಟು ದೂರ ಯಾಕೆ ಹೊರಬೇಕು, ದಾರಿಯ ಎಡಮಗ್ಗುಲಿಗೇ ಸಾಲಾಗಿ ಒಟ್ಟಿದರೆ ನೋಡಲೂ ಅಂದ, ದಾರಿಗೂ ಒಂದು ಅಂಚು. ಬಲಮಗ್ಗುಲಿಗೆ ಹೇಗೂ ಎದೆಮಟ್ಟದ ಕಬ್ಬು. ಈ ಕಲ್ಲಿನ ಸಾಲನ್ನು ನೆನಪಿಟ್ಟುಕೊಳ್ಳಿ, ನಾನಂತೂ ಮರೆಯಲಾರೆ.

ಇನ್ನು ಮುಖ್ಯ ಅಪರಾಧಕ್ಕೆ ಬರುತ್ತೇನೆ. ಮೂರನೆಯ ವರ್ಷ ಚಾತುರ್ಮಾಸ ಮುಗಿಯುತ್ತಿದ್ದಂತೆ, ಐದು ಮುನಿಗಳ ಒಂದು ಸಂಘ ಅಥಣಿಯ ಕಡೆಯಿಂದ ನಮ್ಮ ದಾರಿ ಹಿಡಿದು ಬರುತ್ತಿದೆ ಎಂಬ ಸುದ್ದಿ ಬಂತು. ಸಂಘದ ಹಿರಿಯ ಮಹಾರಾಜರಿಗೆ ತುಂಬ ವಯಸ್ಸಾಗಿದೆ, ಅಂಗಾಲು ಒಡೆದಿದೆ ಎಂದೂ ತಿಳಿಯಿತು. ನಮ್ಮ ಪಾಲಿನ ದಾರಿಯಲ್ಲಿ ಎರಡು ಫರ್ಲಾಂಗಿನಷ್ಟು ಗರಸು ನೆಲ. ಎಷ್ಟು ಆರಿಸಿದರೂ ಹರಳು ಏಳುತ್ತಲೇ ಇರುತ್ತದೆ. ಆ ಹರಳಿನ ಮೇಲೆ ಆ ಕಾಲು ಬೀಳುವುದನ್ನು ನೆನೆದು ನನಗೆ ನಿಜವಾಗಿಯೂ ಸಂಕಟವಾಯಿತು. ಈ ಮಾತನ್ನು ನಂಬಿ. ಅದರ ಜೊತೆಗೇ, ಅಲ್ಲಿ ಏನಾದರೂ ಮೆತ್ತಗಿನದು ಹಾಸಿದರೆ ಮಹಾರಾಜರು ನಿಂತು "ಯಾರು ಮಾಡಿದ್ದು?" ಎಂದು ಕೇಳಬಹುದು ಎಂಬ ವಿಚಾರವೂ ಬಂತು. ಯಾವುದು ಮೊದಲು ಬಂತೆಂದು ಮಾತ್ರ ಕೇಳಬೇಡಿ.

ಮೆತ್ತಗಿನದು ಎದುರಿಗೇ ಬಿದ್ದಿತ್ತು. ತಾತ್ಯಾನ ಗಾಣ ಆಗಷ್ಟೇ ಶುರುವಾಗಿತ್ತು. ರಸ ಹಿಂಡಿದ ಕಬ್ಬಿನ ಸಿಪ್ಪೆ ಗುಡ್ಡದಂತೆ ಬಿದ್ದಿತ್ತು. ನಾನು ಅದರ ಮೇಲೆ ಕೈಯಾಡಿಸಿ ನೋಡಿದೆ. ಹತ್ತಿಯ ಗಾದಿಯೇ!

"ತಾತ್ಯಾ, ಇದನ್ನ ಗರಸಿನ ಮ್ಯಾಲ ಗೇಣೆತ್ತರ ಹಾಸೂಣು" ಎಂದೆ.

ತಾತ್ಯಾ ಗಲ್ಲ ಕೆರೆದುಕೊಂಡ. "ಹಾಸೂಣ್ರಿ. ಆದ್ರ ಎಂಟು ದಿನ ಬಿಸಲಿಗೆ ಒಣಗಲಿ ಮಾಸ್ತರ್ರ. ಹಸೀದು ಹಾಕೂದು ಬ್ಯಾಡ."

"ಒಣಗಿದರ ಸಿಬರ ಆಗಿ ಚುಚ್ಚತೈತಿ. ಹಸಿ ಇದ್ದಾಗ ಹಾಸಿದರ ಮೆತ್ತಗಿರತೈತಿ" ಎಂದು ನಾನು ಶಾಸ್ತ್ರ ಹೇಳಿದೆ. ಕಲಿತ ಮನುಷ್ಯ ಹೇಳುತ್ತಾನೆಂದರೆ ಏನೋ ಇದ್ದೀತು ಎಂದು ತಾತ್ಯಾ ಒಪ್ಪಿಕೊಂಡ. ಅವನ ದೊಡ್ಡ ದೋಷವೆಂದರೆ ಅದೊಂದೇ.

ಎಲ್ಲರೂ ಒಂದು ದಿನವಿಡೀ ಬುಟ್ಟಿಯಲ್ಲಿ ಸಿಪ್ಪೆ ಹೊತ್ತರು. ನಾನು ಹಾಸಿಸಿದೆ. ಗಾಳಿಗೆ ಹಾರದಿರಲೆಂದು ಮೇಲೆ ತೆಳ್ಳಗೆ ಮಣ್ಣು ಉದುರಿಸಿದೆ. ದಾರಿ ಎಷ್ಟು ಚೆಂದ ಕಂಡಿತೆಂದರೆ, ಇದರ ಮೇಲೆ ಯಾರಾದರೂ ನಡೆದು ಕೆಡಿಸುತ್ತಾರಲ್ಲ ಎಂಬ ಚಿಂತೆ ಹತ್ತಿತು. ಕೂಡಲೇ ಎರಡೂ ತುದಿಗೆ ಹಗ್ಗ ಕಟ್ಟಿಸಿ, ಶಾಲೆಯ ಹಳೆಯ ಹಲಗೆಯ ಮೇಲೆ ಸುಂದರ ಅಕ್ಷರದಲ್ಲಿ ನಾನೇ ಬರೆದು ತೂಗುಹಾಕಿದೆ: "ದಾರಿ ಸುಧಾರಿಸಿದೆ. ಯಾರೂ ನಡೆಯಬಾರದು." ಮಾರುತಿ ಅದನ್ನು ಎರಡು ಸಲ ಓದಿದ. "ಸರ್ರ, ಹಂಗಾದ್ರ ಇನ್ನ ನಾ ಹಾರಿಕೋಂತ ಹೋಗಬೇಕೇನ್ರಿ?" ಎಂದು ಕೇಳಿ, ಡಾಂಬರು ರಸ್ತೆ ಹಿಡಿದು ಸುತ್ತು ಹಾಕಿಕೊಂಡು ಹೋದ. ಹೀಗೆ ನಾಲ್ಕು ದಿನ ಆ ಎರಡು ಫರ್ಲಾಂಗಿನ ಮೇಲೆ ಒಬ್ಬ ನರಪಿಳ್ಳೆಯೂ ಕಾಲಿಡಲಿಲ್ಲ. ಯಾರೂ ನೋಡಲಿಲ್ಲ ಕೂಡ.

ಆ ನಾಲ್ಕು ದಿನ ನಾನು ಮನೆಯಲ್ಲಿ ವಿನಯವನ್ನು ಅಭ್ಯಾಸ ಮಾಡಿದೆ. ಮಹಾರಾಜರು ಕೇಳಿದಾಗ ಒಮ್ಮೆಗೇ "ನಾನು" ಎಂದರೆ ಅಹಂಕಾರವಾಗುತ್ತದೆ. ತಲೆ ತಗ್ಗಿಸಿ, ಕೈ ಮುಗಿದು, "ನಂದೇನೂ ಇಲ್ರಿ ಮಹಾರಾಜ್ರ, ನಾನು ಬರೇ ನಿಮಿತ್ತ" ಎನ್ನಬೇಕು. ಕನ್ನಡಿಯ ಮುಂದೆ ಹತ್ತಾರು ಸಲ ಹೇಳಿ ನೋಡಿದೆ. ಸುನಂದಾ ಆಗ ಅಡಿಗೆಮನೆಯಲ್ಲಿ ಬೆಲ್ಲದ ಡಬ್ಬಿಯನ್ನು ನೀರಿನ ತಾಟಿನ ನಡುವೆ ಇಡುತ್ತಿದ್ದಳು. ಪ್ರತಿ ದಿನ ಇಡುತ್ತಾಳೆ, ಪ್ರತಿ ದಿನ ನಾನು ನೋಡುತ್ತೇನೆ. ಬೆಳಿಗ್ಗೆ ಗೋಡೆಯ ಬಿರುಕಿನ ಹತ್ತಿರ ಒಂದು ಚಿಟಿಕೆ ಹಿಟ್ಟನ್ನೂ ಹಾಕುತ್ತಾಳೆ. ಇಷ್ಟನ್ನೆಲ್ಲ ಕಣ್ಣಾರೆ ಕಂಡೂ ನನ್ನ ತಲೆಯಲ್ಲಿ ಏನೂ ಹೊಳೆಯಲಿಲ್ಲ. ನಡೆಯಲು ಕಲಿತ ದಿನದಿಂದ ಇರುವೆ ಕಂಡರೆ ಕಾಲೆತ್ತಿ ದಾಟುವುದನ್ನು ಕಲಿತ ಮನೆತನದಲ್ಲಿ ಹುಟ್ಟಿದವನು ನಾನು!

ಐದನೆಯ ದಿನ ಬೆಳಿಗ್ಗೆ ಸಂಘ ಕಾಗವಾಡದಿಂದ ಹೊರಟಿತು. ನಾನು ಇಸ್ತ್ರಿ ಮಾಡಿದ ಬಿಳಿ ಟೋಪಿ ಹಾಕಿಕೊಂಡು, ಊರವರ ಮುಂದಾಳಾಗಿ ಹಗ್ಗದ ಹತ್ತಿರ ನಿಂತಿದ್ದೆ. ಎಲ್ಲರೂ ಚಪ್ಪಲಿಗಳನ್ನು ಹುಣಸೆಯ ಮರದ ಕೆಳಗೆ ಬಿಟ್ಟಿದ್ದರು. ಹೀಗಾಗಿ ನಾನೂ ಬಿಡಬೇಕಾಯಿತು. ಬಿಸಿಲು ಆಗಷ್ಟೇ ಏರುತ್ತಿತ್ತು. ನವಿಲುಗರಿಯ ಪಿಂಛಿ ಹಿಡಿದು, ನೆಲ ನೋಡುತ್ತ, ಹಿರಿಯ ಮಹಾರಾಜರು ಎಲ್ಲರ ಮುಂದೆ ಬಂದರು. ನಾನು ಹಗ್ಗವನ್ನು ಬಿಚ್ಚಿ ಪಕ್ಕಕ್ಕೆ ಸರಿದು ನಿಂತೆ. ಮಹಾರಾಜರು ಒಂದು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟರು. ಕಾಲೆತ್ತಲಿಲ್ಲ. ನೋಡುತ್ತಲೇ ಇದ್ದರು. ನನ್ನ ಕೆಲಸವನ್ನು ಮನಸಾರೆ ಮೆಚ್ಚುತ್ತಿದ್ದಾರೆ ಎಂದುಕೊಂಡು ನಾನೂ ಹೆಮ್ಮೆಯಿಂದ ನೆಲ ನೋಡಿದೆ.

ದಾರಿ ನಡೆಯುತ್ತಿತ್ತು. ಉತ್ಪ್ರೇಕ್ಷೆಯಲ್ಲ. ಯಾರೂ ನಡೆಯಬಾರದು ಎಂದು ನಾನು ಬರೆದಿದ್ದ ದಾರಿ ತಾನೇ ಎದ್ದು ನಡೆಯುತ್ತಿತ್ತು. ಕೆಂಪಿರುವೆ, ಕರಿಯಿರುವೆ, ಕಣ್ಣಿಗೆ ಕಾಣುವುದು, ಕಾಣದ್ದು, ರೆಕ್ಕೆ ಬಂದದ್ದು, ತತ್ತಿ ಹೊತ್ತದ್ದು. ಕಾಗವಾಡ ಸೀಮೆಯ, ಜುಗೂಳ ಸೀಮೆಯ, ಉಗಾರ ಬುದ್ರುಕದ ಸೀಮೆಯ ಇರುವೆಗಳೆಲ್ಲ ಸಿಹಿಯ ಸುದ್ದಿ ಕೇಳಿ ಸಂಸಾರ ಸಮೇತ ಬಂದು ಇಳಿದಿದ್ದವು. ಎರಡು ಫರ್ಲಾಂಗಿನಲ್ಲಿ ಎಳ್ಳು ಹಾಕುವಷ್ಟು ಜಾಗವಿರಲಿಲ್ಲ. ಪಿಂಛಿಯಿಂದ ಒಂದೆರಡು ಹೆಜ್ಜೆಯ ಜಾಗವನ್ನು ಮೃದುವಾಗಿ ಸರಿಸಬಹುದು; ಇಡೀ ರಾಜ್ಯವನ್ನು ಸರಿಸಲು ಬರುತ್ತದೆಯೇ?

ಮಹಾರಾಜರು ತಲೆಯೆತ್ತಿ, ನಾನು ನಾಲ್ಕು ದಿನದಿಂದ ಕಾದಿದ್ದ ಪ್ರಶ್ನೆಯನ್ನೇ ಕೇಳಿದರು. "ಇದನ್ನ ಯಾರು ಹಾಸ್ಯಾರ?"

ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು. "ಎಲ್ಲಾರೂ ಕೂಡಿ ಮಾಡೇವ್ರಿ ಮಹಾರಾಜ್ರ" ಎಂದೆ. ಮೂರು ವರ್ಷದಲ್ಲಿ ಆ ದಾರಿಯ ಬಗ್ಗೆ "ಎಲ್ಲಾರೂ" ಎಂಬ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಹಿಂದಿನಿಂದ ತಾತ್ಯಾ ಮುಂದೆ ಬಂದ. ಹುಟ್ಟಿನಿಂದ ಸುಳ್ಳು ಹೇಳದ ಮನುಷ್ಯ. ಇನ್ನೊಬ್ಬರ ಪುಣ್ಯದಲ್ಲಿ ಪಾಲು ತೆಗೆದುಕೊಳ್ಳುವವನೂ ಅಲ್ಲ. ಕೈ ಮುಗಿದು, ತುಂಬ ಪ್ರೀತಿಯಿಂದ ಹೇಳಿದ: "ಇಲ್ರಿ ಮಹಾರಾಜ್ರ. ವಿಚಾರ ಎಲ್ಲಾ ನಮ್ಮ ಮಾಸ್ತರದು. ನಾವು ಬರೇ ಹೊತ್ತು ಹಾಕೀವಿ."

ಊರಿಗೆ ಊರೇ ನನ್ನನ್ನು ನೋಡಿತು. ಹೆಂಗಸರ ಗುಂಪಿನಲ್ಲಿ ಸುನಂದಾ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ನೋಡುವ ಧೈರ್ಯ ನನಗಾಗಲಿಲ್ಲ.

ಮಹಾರಾಜರು ಮಾತ್ರ ನಕ್ಕರು. "ಇವಕ್ಕ ಹಬ್ಬ ಮಾಡೀಯಪ್ಪಾ. ಇರಲಿ, ಯಾರೂ ತಗೀಬ್ಯಾಡ್ರಿ. ನಾವು ಈ ಮಗ್ಗಲಿಂದ ಹೋಗೂಣು" ಎಂದು ಎಡಕ್ಕೆ ನೋಡಿದರು. ಬಲಕ್ಕೆ ಹಸಿರು ಕಬ್ಬು; ಹಸಿರೂ ಜೀವವೇ, ಅದರಲ್ಲಿ ಅವರು ಕಾಲಿಡುವಂತಿಲ್ಲ. ಎಡಕ್ಕೆ ನನ್ನ ಕಲ್ಲಿನ ಸಾಲು, ಅದರಾಚೆ ಎಳೆಯ ಜೋಳದ ಪೈರು. ಮೂರು ವರ್ಷ ಊರೆಲ್ಲ ಬೆವರು ಸುರಿಸಿ, ಅತ್ಯಂತ ಚೂಪಾದವುಗಳನ್ನೇ ಹುಡುಕಿ ಆರಿಸಿ, ನನ್ನ ಅಪ್ಪಣೆಯಂತೆ ಒಟ್ಟಿದ ಕಲ್ಲುಗಳು.

"ಅಲ್ಲಿ ಬರೇ ಕಲ್ಲ ಅದಾವ್ರಿ ಮಹಾರಾಜ್ರ. ಕಾಲಿಗೆ ಚುಚ್ಚತಾವ" ಎಂದೆ.

"ಕಲ್ಲು ಚುಚ್ಚಿದ್ರ ನಮ್ಮ ಕಾಲಿಗಷ್ಟ ಚುಚ್ಚತೈತಿ. ಇಲ್ಲಿ ಕಾಲಿಟ್ರ ಎಷ್ಟು ಜೀವಕ್ಕ ಚುಚ್ಚತೈತಿ?" ಎಂದು, ಒಡೆದ ಅಂಗಾಲನ್ನು ಮೊದಲ ಕಲ್ಲಿನ ಮೇಲೆ ಇಟ್ಟೇಬಿಟ್ಟರು.

ತಾತ್ಯಾ ಬಗ್ಗಿ ಅವರ ಮುಂದಿನ ಕಲ್ಲು ಎತ್ತತೊಡಗಿದ. ಮಾರುತಿ ಚೀಲ ಕೆಳಗಿಟ್ಟು ಬಗ್ಗಿದ. ಎಲ್ಲರೂ ಬಗ್ಗಿದರು, ನಾನೂ ಬಗ್ಗಿದೆ. ಎತ್ತಿದ ಕಲ್ಲನ್ನು ಎಲ್ಲಿ ಹಾಕುವುದು? ದಾರಿಯ ಮೇಲೆ ಇರುವೆ, ಆಚೆಗೆ ಪೈರು, ಹಿಂದಕ್ಕೆ ಎಸೆದರೆ ಬರುವವರ ಕಾಲಿಗೆ. ಟೋಪಿ ತೆಗೆದು ಅದರಲ್ಲಿ ತುಂಬಿಕೊಂಡೆ. ಬರಿಗಾಲಲ್ಲಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಈ ನೆಲವನ್ನು ಮೂರು ವರ್ಷದಿಂದ ಬಲ್ಲೆ ಎಂದುಕೊಂಡಿದ್ದೆನಲ್ಲ, ಏನೂ ಬಲ್ಲವನಲ್ಲ ಎಂಬುದು ಅಂಗಾಲಿನಿಂದ ನೆತ್ತಿಯವರೆಗೆ ಒಮ್ಮೆಗೇ ತಿಳಿಯಿತು. ಒಂದು ಕಲ್ಲಿನ ಮೇಲೆ ಕುಂಕುಮದ ಬೊಟ್ಟಿನಷ್ಟು ರಕ್ತ ಕಂಡಿತು. ಅದು ನನ್ನ ಕಾಲಿನದಲ್ಲ. ನಾನು ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಆ ಕಲ್ಲನ್ನು ಟೋಪಿಗೆ ಹಾಕಿಕೊಳ್ಳುವಾಗ ನನಗೆ ಅಳು ಬಂತು. ಮಹಾರಾಜರು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ, ಮುಖದ ನಗುವೂ ಆರಲಿಲ್ಲ.

ಸಂಜೆ ಮನೆಯಲ್ಲಿ ಸುನಂದಾ ಬಿಸಿನೀರಿಗೆ ಉಪ್ಪು ಹಾಕಿ ನನ್ನ ಕಾಲ ಮುಂದೆ ತಂದಿಟ್ಟಳು. "ನಾ ಹೇಳಿದ್ದೆ" ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ಅರ್ಧ ನೋವು ಅಲ್ಲೇ ಹೋಗುತ್ತಿತ್ತು.

ಮಹಾರಾಜರ ಮಾತಿನಂತೆ ಸಿಪ್ಪೆಯನ್ನು ಯಾರೂ ತೆಗೆಯಲಿಲ್ಲ. ಸಿಹಿ ತೀರಿ ಇರುವೆಗಳು ತಾವಾಗಿ ಹೊರಡುವವರೆಗೆ ದಾರಿ ಬಂದ್ ಆಗಿಯೇ ಇತ್ತು. ಇಡೀ ಚಳಿಗಾಲ ಕಳೆಯಿತು. ಊರ ಮುದುಕಿಯರು "ನಾವು ಇರವಿಗೆ ಚಿಟಿಗಿ ಚಿಟಿಗಿ ಹಿಟ್ಟು ಹಾಕಿ ಜನ್ಮ ಕಳದೀವಿ, ಮಾಸ್ತರ ಒಂದ ದಿನದಾಗ ಎಲ್ಲಾ ಪುಣ್ಯಾ ಕಟಗೊಂಡ" ಎನ್ನುತ್ತಿದ್ದರು. ಮಾರುತಿ ದಿನವೂ ಶಾಲೆಯ ಬಾಗಿಲಲ್ಲಿ ನಿಂತು, "ಸರ್ರ, ನಿಮ್ಮ ಇರವಿಗೊಳಿಗೆ ಟಪಾಲ ಬಂದ್ರ ಇಲ್ಲೇ ಕೊಡ್ಲೋ, ಅಲ್ಲೇ ಮುಟ್ಟಸ್ಲೋ?" ಎಂದು ಕೇಳಿ ಹೋಗುತ್ತಿದ್ದ. ತಾತ್ಯಾ ಮಾತ್ರ ಸಂಘ ಹೋದ ನಂತರದ ರವಿವಾರವೇ ಬುಟ್ಟಿ ತಂದು, ಎಡಮಗ್ಗುಲಿನ ಕಲ್ಲುಗಳನ್ನು ಒಂದೊಂದಾಗಿ ತುಂಬಿ ಹಳ್ಳಕ್ಕೆ ಹೊರತೊಡಗಿದ. ನಾನೂ ಒಂದು ಬುಟ್ಟಿ ತೆಗೆದುಕೊಂಡು ಅವನ ಹಿಂದೆ ನಡೆದೆ. ಯುಗಾದಿಯವರೆಗೂ ಹೊತ್ತೆವು.

ಆದರೆ ರೋಗ ರೋಗವೇ. ಯುಗಾದಿ ಮುಗಿದ ಮೇಲೆ ಕೂಡಿದ ಸಭೆಯಲ್ಲಿ ನಾನು ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡು, ಒಂದು ಹೊಸ ಸುಧಾರಣೆಯನ್ನು ಮಂಡಿಸಿದೆ. ಇನ್ನು ಮುಂದೆ ಶ್ರಮದಾನಕ್ಕೆ ಬರುವವರೆಲ್ಲ ಚಪ್ಪಲಿಯನ್ನು ಹುಣಸೆಯ ಮರದ ಕೆಳಗೆ ಬಿಡಬೇಕು. ಮೊದಲು ಬರಿಗಾಲಲ್ಲಿ ದಾರಿಯನ್ನು ಪೂರ್ತಿ ನಡೆದು ನೋಡಿ, ಆಮೇಲೆ ಕೆಲಸಕ್ಕೆ ಕೈ ಹಚ್ಚಬೇಕು. ಎಲ್ಲರೂ ತಲೆದೂಗಿದರು. "ಮಾಸ್ತರ್ರ ತಲೀನ ತಲಿ" ಎಂದು ತಾತ್ಯಾ ಮನಃಪೂರ್ವಕವಾಗಿ ಹೊಗಳಿದ. ಆ ನಿಯಮ ಅಥಣಿಯವರೆಗಿನ ಊರುಗಳಿಗೂ ಹಬ್ಬಿ, ಅದರ ಜೊತೆಗೆ ನನ್ನ ಹೆಸರೂ ಹಬ್ಬಿತು.

ಆ ದಿನ ಮನೆಗೆ ಬಂದು ಸುನಂದಾಳ ಮುಂದೆ ಎಲ್ಲವನ್ನೂ ಸವಿಸ್ತಾರವಾಗಿ ಹೇಳಿದೆ. ಅವಳು ಬೆಲ್ಲದ ಡಬ್ಬಿಯ ತಾಟಿಗೆ ನೀರು ಹಾಕುತ್ತಿದ್ದಳು. ತಂಬಿಗೆ ಕೆಳಗಿಟ್ಟು, ನನ್ನ ಕಡೆ ತಿರುಗಿ, "ಭಾಳ ಚಲೋ ವಿಚಾರ ಐತ್ರಿ. ಯಾರು ಹೇಳಿದ್ದು ಇದನ್ನ?" ಎಂದಳು.

ನಾನು ಒಂದು ಗಳಿಗೆ ನೆಲ ನೋಡಿದೆ.

"ಎಲ್ಲಾರೂ ಕೂಡಿ" ಎಂದೆ.